ಗಾಜಿನ ಕಡಲಿಗೆ ನೆಲ ಸಿಕ್ಕ ಕತೆ

ಮೀನಿಗೆ ನೀರು ಬೇಕೆಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ನೀರಿನಷ್ಟೇ ನೆಲವೂ ಬೇಕೆನ್ನುವ ಮೀನುಗಳಿವೆ. ನಮ್ಮ ಕರಾವಳಿಯ ರಂಪಣಿ ಬಲೆಯವರಿಗೆ ಇದು ಹೊಸ ವಿಷಯವಲ್ಲ. ಬಲೆ ದಡದತ್ತ ಸರಿದು ಬರುವಾಗ ಕಾಣೆ ಮೀನು ಥಟ್ಟನೆ ಮರಳಿನಲ್ಲಿ ಹುದುಗಿ, ಬಲೆ ತನ್ನ ಮೇಲಿಂದ ಹಾದುಹೋಗುವವರೆಗೆ ಅಲ್ಲೇ ಉಳಿಯಬಲ್ಲದು. ಕಾಣೆಗೆ ಮರಳು ಅಪಾಯಕಾಲದ ಮರೆ. ಹವಳದ ದಿಬ್ಬಗಳ ಅಂಚಿನಲ್ಲಿರುವ ಕೆಲವು ಪುಟ್ಟ ಮೀನುಗಳಿಗಾದರೋ ಮರಳೇ ಮನೆ. ಅವು ಬಿಲ ತೋಡುತ್ತವೆ, ಬಿಲದ ಗೋಡೆಗೆ ಕಲ್ಲು ಜೋಡಿಸುತ್ತವೆ, ಕೆಲವಂತೂ ರಾತ್ರಿ ಬಾಗಿಲು ಮುಚ್ಚಿಕೊಂಡು ಮಲಗುತ್ತವೆ.

ಇಂಥ ಬಿಲವಾಸಿ ಮೀನುಗಳನ್ನು ಮನೆಯ ಗಾಜಿನ ತೊಟ್ಟಿಯಲ್ಲಿ ಬದುಕಿಸುವುದು ಇಂದಿಗೂ ಸುಲಭದ ಕೆಲಸವಲ್ಲ. ಕಡಲಿನ ಒಂದು ತುಣುಕನ್ನು ಗಾಜಿನೊಳಗೆ ಉಳಿಸಿಕೊಳ್ಳುವ ಪ್ರಯತ್ನಕ್ಕೆ ಸುಮಾರು ಇನ್ನೂರು ವರ್ಷಗಳ ಇತಿಹಾಸವಿದೆ. ಈ ಅವಧಿಯಲ್ಲಿ ಮನುಷ್ಯನಿಗೆ ಗಾಳಿಯ ಮಹತ್ವ ತಿಳಿಯಿತು, ಬೆಳಕಿನದು ತಿಳಿಯಿತು, ಉಪ್ಪಿನ ಲೆಕ್ಕ ತಿಳಿಯಿತು. ತೊಟ್ಟಿಯ ತಳದ ಮರಳನ್ನು ಮಾತ್ರ ಅವನು ಬಹುಕಾಲ ಅಲಂಕಾರವೆಂದೋ, ಶೋಧಕವೆಂದೋ, ಕೊಳೆಯೆಂದೋ ಎಣಿಸಿದ. ಅದು ಯಾರದೋ ಮನೆಯೂ ಹೌದೆಂಬುದು ಹೊಳೆದದ್ದು ಎಲ್ಲಕ್ಕಿಂತ ತಡವಾಗಿ.

ದರ್ಜಿಯ ಕೆಲಸದಿಂದ ಕಡಲಿಗೆ

ಕತೆ ಆರಂಭವಾಗುವುದು ಇಟಲಿಯ ಸಿಸಿಲಿ ದ್ವೀಪದ ಮೆಸ್ಸಿನಾ ಪಟ್ಟಣದಲ್ಲಿ. ಫ್ರಾನ್ಸಿನ ಹಳ್ಳಿಯೊಂದರಲ್ಲಿ 1794ರಲ್ಲಿ ಹುಟ್ಟಿದ ಜೀನ್ ವಿಲ್‌ಪ್ರೂ-ಪವರ್ ಪ್ಯಾರಿಸ್ಸಿಗೆ ಹೋಗಿ ಉಡುಪು ಹೊಲಿಯುವ ಕೆಲಸದಲ್ಲಿ ಹೆಸರು ಮಾಡಿದಾಕೆ. ಮದುವೆಯಾಗಿ ಮೆಸ್ಸಿನಾಕ್ಕೆ ಬಂದ ಮೇಲೆ ಸ್ವಂತ ಓದಿನಿಂದಲೇ ಜೀವಿವಿಜ್ಞಾನ ಕಲಿತಳು. ಆಕೆಯನ್ನು ಕಾಡಿದ್ದು ಆರ್ಗೊನಾಟ್ ಎಂಬ ಎಂಟು ತೋಳುಗಳ ಪ್ರಾಣಿ. ಕಾಗದದಷ್ಟು ತೆಳುವಾದ ಚಿಪ್ಪಿನೊಳಗೆ ವಾಸಿಸುವ ಈ ಪ್ರಾಣಿ ಆ ಚಿಪ್ಪನ್ನು ತಾನೇ ಕಟ್ಟುತ್ತದೆಯೋ, ಬೇರೆ ಜೀವಿಯಿಂದ ಕದಿಯುತ್ತದೆಯೋ ಎಂಬುದು ಆಗಿನ ವಿದ್ವಾಂಸರ ನಡುವಿನ ವಿವಾದ.

ಸತ್ತ ಪ್ರಾಣಿಯನ್ನು ಮೇಜಿನ ಮೇಲಿಟ್ಟು ಈ ವಿವಾದ ಬಗೆಹರಿಸಲು ಸಾಧ್ಯವಿರಲಿಲ್ಲ. ಜೀವಂತವಾಗಿ, ದಿನವೂ ಕಾಣುವಂತೆ ಇಟ್ಟುಕೊಳ್ಳಬೇಕಿತ್ತು. ಅದಕ್ಕಾಗಿ 1832ರಲ್ಲಿ ಆಕೆ ಗಾಜಿನ ತೊಟ್ಟಿಗಳನ್ನು ರೂಪಿಸಿದಳು. ಚಿಪ್ಪಿನ ತುಣುಕು ಮುರಿದು ನೋಡಿದಾಗ ಆರ್ಗೊನಾಟ್ ಅದನ್ನು ತಾನೇ ದುರಸ್ತಿ ಮಾಡಿಕೊಂಡಿತು. ವಿವಾದ ಮುಗಿಯಿತು. ಮನೆಯನ್ನು ಕಟ್ಟಿದವರು ಯಾರು ಎಂಬ ಪ್ರಶ್ನೆಗೆ ಉತ್ತರ ಹುಡುಕುವುದಕ್ಕಾಗಿಯೇ ಮೊದಲ ಗಾಜಿನ ತೊಟ್ಟಿ ಹುಟ್ಟಿತೆಂಬುದು ಇಲ್ಲಿ ನೆನಪಿಡಬೇಕಾದ ಅಂಶ.

ಇದೇ ಸುಮಾರಿಗೆ ಲಂಡನ್ನಿನಲ್ಲಿ ನಥಾನಿಯಲ್ ವಾರ್ಡ್ ಎಂಬ ವೈದ್ಯ ಇನ್ನೊಂದು ದಾರಿಯಲ್ಲಿದ್ದ. 1829ರಲ್ಲಿ ಆತ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನಲ್ಲಿ ಹುಗಿದು ಗಾಜಿನ ಸೀಸೆಯಲ್ಲಿ ಮುಚ್ಚಿಟ್ಟ. ಮಣ್ಣಿನಿಂದ ಜರಿಗಿಡವೊಂದು ತಾನಾಗಿ ಚಿಗುರಿತು. ಹೊಗೆಯಿಂದ ತುಂಬಿದ ಲಂಡನ್ನಿನಲ್ಲಿ ಬದುಕದ ಗಿಡಗಳು ಮುಚ್ಚಿದ ಗಾಜಿನೊಳಗೆ ವರ್ಷಗಟ್ಟಲೆ ಬದುಕಬಲ್ಲವು ಎಂದಾಯಿತು. ಅದೇ ಸಮತೋಲ ನೀರಿನಲ್ಲೂ ಸಾಧ್ಯವೇ ಎಂಬ ಪ್ರಶ್ನೆ ಸಹಜವಾಗಿ ಎದ್ದಿತು.

ಉತ್ತರ ಕೊಟ್ಟವರಲ್ಲಿ ಒಬ್ಬಳು ಆನಾ ಥಿನ್ ಎಂಬ ಗೃಹಿಣಿ. 1846ರಲ್ಲಿ ಇಂಗ್ಲೆಂಡಿನ ಟಾರ್ಕಿ ಕಡಲತೀರಕ್ಕೆ ಹೋಗಿದ್ದ ಆಕೆ ಕಲ್ಲುಹವಳಗಳನ್ನು ಲಂಡನ್ನಿಗೆ ತಂದಳು. ದಾರಿಯಲ್ಲಿ ಉರುಳಾಡಿ ಹಾಳಾಗದಿರಲೆಂದು ಅವನ್ನು ಸೂಜಿದಾರದಿಂದ ಸ್ಪಂಜಿಗೆ ಹೊಲಿದಿದ್ದಳು. ನೀರು ಕೆಡದಂತೆ ನೋಡಿಕೊಳ್ಳಲು ತೆರೆದ ಕಿಟಕಿಯ ಮುಂದೆ ನಿಂತು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ದಿನವೂ ಅರ್ಧ ಮುಕ್ಕಾಲು ಗಂಟೆ ಸುರಿಯಬೇಕಿತ್ತು. ಆ ಕೆಲಸ ಮನೆಗೆಲಸದವಳ ಪಾಲಿಗೆ ಬಂತು. ಮರುವರ್ಷ ಕಡಲಸಸ್ಯಗಳನ್ನು ಹಾಕಿದಾಗ ಅವೇ ನೀರಿಗೆ ಪ್ರಾಣವಾಯು ಒದಗಿಸತೊಡಗಿದವು.

ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಇದನ್ನು ಸಿಹಿನೀರಿನಲ್ಲಿ ಲೆಕ್ಕಾಚಾರಕ್ಕೆ ತಂದ. 1849ರಲ್ಲಿ ಆತನ ತೊಟ್ಟಿಯಲ್ಲಿದ್ದವು ಎರಡು ಹೊಂಬಣ್ಣದ ಮೀನು, ಮಣ್ಣು ಮರಳಿನಲ್ಲಿ ಬೇರುಬಿಟ್ಟ ಒಂದು ಜಲಸಸ್ಯ. ಕೊಳೆತ ಎಲೆಗಳಿಂದ ನೀರು ಕದಡಿದಾಗ ಆತ ಬಸವನಹುಳುಗಳನ್ನು ಬಿಟ್ಟ. ಅವು ಕೊಳೆಯನ್ನು ತಿಂದು ನೀರನ್ನು ತಿಳಿಯಾಗಿಸಿದವು. ಮೀನು, ಗಿಡ, ಕೊಳೆ ತಿನ್ನುವ ಜೀವಿ ಈ ಮೂರೂ ಕೂಡಿದರೆ ತೊಟ್ಟಿ ನಿಲ್ಲುತ್ತದೆ ಎಂಬ ಸೂತ್ರ ದೊರೆಯಿತು. ಕೊಳೆಯನ್ನು ಕರಗಿಸುವಲ್ಲಿ ತಳದ ಮಣ್ಣು ಮರಳಿನ ಪಾಲು ಎಷ್ಟೆಂಬುದು ಆತನ ಸೂತ್ರದಲ್ಲಿ ಸೇರಲಿಲ್ಲ.

ಹುಚ್ಚು ಹರಡಿತು

ಮುಂದಿನ ಹತ್ತು ವರ್ಷ ಇಂಗ್ಲೆಂಡಿನಲ್ಲಿ ತೊಟ್ಟಿಯ ಹುಚ್ಚು. ಕಾರಣಗಳು ಹಲವು. ಗಾಜಿನ ಮೇಲಿನ ತೆರಿಗೆ 1845ರಲ್ಲಿ ರದ್ದಾಗಿ ಗಾಜು ಅಗ್ಗವಾಯಿತು. ರೈಲು ಬಂದು ಕಡಲತೀರ ಹತ್ತಿರವಾಯಿತು. 1853ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕರಿಗಾಗಿ 'ಮೀನುಮನೆ' ತೆರೆಯಿತು. ಅದರ ಹಿಂದಿದ್ದವರಲ್ಲಿ ಪ್ರಮುಖನಾದ ಫಿಲಿಪ್ ಹೆನ್ರಿ ಗಾಸ್ 1854ರಲ್ಲಿ ಪ್ರಕಟಿಸಿದ ಪುಸ್ತಕ 'ಅಕ್ವೇರಿಯಂ' ಎಂಬ ಪದವನ್ನೇ ಮನೆಮಾತಾಗಿಸಿತು. ಕಡಲಿನಿಂದ ದೂರವಿರುವವರಿಗಾಗಿ ನಾಲ್ಕು ಲವಣಗಳನ್ನು ಬೆರೆಸಿ ಕೃತಕ ಕಡಲನೀರು ತಯಾರಿಸುವ ವಿಧಾನವನ್ನೂ ಆತ ತಿಳಿಸಿಕೊಟ್ಟ.

ಪರಿಣಾಮ ಮಾತ್ರ ಆತ ಬಯಸಿದ್ದಲ್ಲ. ಬುಟ್ಟಿ, ಸುತ್ತಿಗೆ, ಉಳಿ ಹಿಡಿದ ಜನ ಬಂಡೆಗಳ ನಡುವಿನ ನೀರುಗುಂಡಿಗಳನ್ನು ಬರಿದು ಮಾಡಿದರು. ಮಗ ಎಡ್ಮಂಡ್ ಗಾಸ್ 1907ರಲ್ಲಿ ಬರೆದ ಆತ್ಮಕಥನದಲ್ಲಿ ಬಾಲ್ಯದಲ್ಲಿ ತಾನು ಕಂಡ ಆ ತೀರ ಹಾಳಾದುದನ್ನೂ, ಅದರಲ್ಲಿ ತಂದೆಯ ಪುಸ್ತಕಗಳ ಪಾತ್ರವಿದ್ದುದನ್ನೂ, ಅದಕ್ಕಾಗಿ ತಂದೆ ನೊಂದುದನ್ನೂ ದಾಖಲಿಸಿದ್ದಾನೆ. ಗಾಜಿನ ಕಡಲು ನಿಜವಾದ ಕಡಲಿಗೆ ಮುಳುವಾಗಬಹುದೆಂಬ ಎಚ್ಚರಿಕೆ ಇಷ್ಟು ಹಳೆಯದು.

ಹೀಗೆ ಮನೆಗೆ ಬಂದ ಜೀವಿಗಳಲ್ಲಿ ಬಹುಪಾಲು ಬೇಗನೆ ಸತ್ತವು, ಫ್ಯಾಷನ್ನೂ ಇಳಿಯಿತು. ಆದರೆ ಸಾರ್ವಜನಿಕ ಮತ್ಸ್ಯಾಲಯಗಳು ಬೆಳೆದವು. ಹ್ಯಾಂಬರ್ಗ್‌ನಲ್ಲಿ 1864ರಲ್ಲೂ, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ 1871ರಲ್ಲೂ ಆರಂಭವಾದ ಮತ್ಸ್ಯಾಲಯಗಳಲ್ಲಿ ವಿಲಿಯಂ ಆಲ್ಫರ್ಡ್ ಲಾಯ್ಡ್ ಹೊಸ ವ್ಯವಸ್ಥೆ ತಂದ. ಪ್ರದರ್ಶನದ ತೊಟ್ಟಿಗಳ ಕೆಳಗೆ ಕತ್ತಲಿನ ದೊಡ್ಡ ಹೊಂಡ, ಅದರಿಂದ ಪಂಪಿನ ಮೂಲಕ ಸದಾ ಸುತ್ತುವ ನೀರು. ಇಂದು ಮನೆಯ ತೊಟ್ಟಿಗಳ ಕೆಳಗೆ ಕಪಾಟಿನೊಳಗೆ ಅಡಗಿರುವ ಎರಡನೇ ತೊಟ್ಟಿ ಇದರದೇ ಸಣ್ಣ ರೂಪ. ಭಾರತದಲ್ಲಿ ಮದರಾಸಿನ ಮರೀನಾ ತೀರದ ಮತ್ಸ್ಯಾಲಯ 1909ರಲ್ಲಿ ತೆರೆಯಿತು, ಎರಡನೇ ಮಹಾಯುದ್ಧದ ಕಾಲದಲ್ಲಿ ಮುಚ್ಚಿತು. ಮುಂಬಯಿಯ ತಾರಾಪೊರೇವಾಲಾ ಮತ್ಸ್ಯಾಲಯ ಆರಂಭವಾದದ್ದು 1951ರಲ್ಲಿ.

ಶೋಧಕವಾದ ಮರಳು

ಮೀನಿನ ಮಲಮೂತ್ರದಿಂದ, ಉಳಿದ ಆಹಾರದಿಂದ ಅಮೋನಿಯಾ ಉಂಟಾಗುತ್ತದೆ. ಅದು ಮೀನಿಗೆ ವಿಷ. 1890ರ ಸುಮಾರಿಗೆ ರಷ್ಯದ ವಿಜ್ಞಾನಿ ಸೆರ್ಗೆ ವಿನೊಗ್ರಾಡ್‌ಸ್ಕಿ, ಅಮೋನಿಯಾವನ್ನು ನೈಟ್ರೈಟ್ ಆಗಿಯೂ ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾಗಳನ್ನು ಗುರುತಿಸಿದ. ನೈಟ್ರೇಟ್ ಅಷ್ಟು ವಿಷಕಾರಿಯಲ್ಲ. ಈ ಬ್ಯಾಕ್ಟೀರಿಯಾಗಳಿಗೆ ಬೇಕಾದುದು ಅಂಟಿಕೊಳ್ಳಲು ಜಾಗ, ಉಸಿರಾಡಲು ಆಮ್ಲಜನಕ. ತೊಟ್ಟಿಯ ಮರಳಿನ ಒಂದೊಂದು ಕಣದ ಮೇಲೂ ಇಂಥ ಜಾಗವಿದೆ.

ಈ ತಿಳಿವಳಿಕೆಯನ್ನು ಮನೆಯ ತೊಟ್ಟಿಗೆ ತಂದದ್ದು 20ನೇ ಶತಮಾನದ ನಡುಭಾಗದಲ್ಲಿ ಜನಪ್ರಿಯವಾದ ಮರಳಡಿಯ ಶೋಧಕ. ತೊಟ್ಟಿಯ ತಳದಲ್ಲಿ ತೂತುಗಳಿರುವ ಹಲಗೆ, ಅದರ ಮೇಲೆ ಒರಟು ಮರಳು, ಮೂಲೆಯಲ್ಲಿ ಗಾಳಿಗುಳ್ಳೆ ಎಬ್ಬಿಸುವ ಕೊಳವೆ. ಗುಳ್ಳೆಗಳು ಹಲಗೆಯಡಿಯ ನೀರನ್ನು ಮೇಲೆತ್ತಿದಂತೆ ತೊಟ್ಟಿಯ ನೀರು ಮರಳಿನ ಮೂಲಕ ಕೆಳಗಿಳಿಯುತ್ತದೆ. ಇಡೀ ಮರಳಹಾಸು ಬ್ಯಾಕ್ಟೀರಿಯಾಗಳ ಕಾರ್ಖಾನೆಯಾಗುತ್ತದೆ. ಅಗ್ಗದ, ಸರಳವಾದ ಈ ಉಪಾಯದಿಂದ ಸಾವಿರಾರು ಮನೆಗಳಲ್ಲಿ ಕಡಲ ಮೀನು ಬದುಕುವುದು ಸಾಧ್ಯವಾಯಿತು.

ತೊಡಕು ಬಂದದ್ದು ಬಿಲ ತೋಡುವ ಮೀನುಗಳಿಂದ. ಕೆರಿಬಿಯನ್ ಕಡಲಿನ ಹಳದಿ ತಲೆಯ ಜಾಫಿಷ್ ಎಂಬ ಬೆರಳುದ್ದದ ಮೀನನ್ನು ಇಂಥ ತೊಟ್ಟಿಗೆ ಬಿಟ್ಟರೆ ಅದು ಮೊದಲು ಮಾಡುವ ಕೆಲಸವೇ ಅಗೆತ. ಬಾಯ್ತುಂಬ ಮರಳು ತೆಗೆದು ಹೊರಗುಗುಳುತ್ತ ಹಲಗೆಯವರೆಗೂ ಇಳಿಯುತ್ತದೆ. ಹಲಗೆ ಬಯಲಾದೊಡನೆ ನೀರಿಗೆ ಸುಲಭದ ದಾರಿ ಸಿಗುತ್ತದೆ. ಎಲ್ಲ ನೀರೂ ಆ ಒಂದು ಕುಳಿಯಿಂದಲೇ ಇಳಿಯುತ್ತದೆ. ಉಳಿದ ಮರಳಿಗೆ ಆಮ್ಲಜನಕ ಹೋಗದೆ ಬ್ಯಾಕ್ಟೀರಿಯಾಗಳು ಸಾಯುತ್ತವೆ, ನೀರು ಕೆಡುತ್ತದೆ. ಇತ್ತ ಮೀನಿಗಾದರೂ ಸುಖವಿದೆಯೇ ಎಂದರೆ ಅದೂ ಇಲ್ಲ. ಒರಟು ಮರಳು ಮಾತ್ರ ಇದ್ದರೆ ಬಿಲದ ಗೋಡೆ ನಿಲ್ಲುವುದಿಲ್ಲ, ಮೂರಂಗುಲದ ಆಳ ಸಾಲುವುದಿಲ್ಲ. ಕಟ್ಟಿದ್ದು ಕುಸಿಯುತ್ತದೆ, ಮತ್ತೆ ಕಟ್ಟುತ್ತದೆ, ಮತ್ತೆ ಕುಸಿಯುತ್ತದೆ. ಕೊನೆಗೆ ಒಂದು ರಾತ್ರಿ ಬೆದರಿ ತೆರೆದ ತೊಟ್ಟಿಯಿಂದ ಹಾರಿ, ಬೆಳಿಗ್ಗೆ ನೆಲದ ಮೇಲೆ ಒಣಗಿ ಸಿಗುತ್ತದೆ. ಹೀಗಾಗಿ ಅಗೆಯುವ ಮೀನು ತೊಟ್ಟಿಗೆ ತಕ್ಕುದಲ್ಲ ಎಂಬ ಹೆಸರು ಹೊತ್ತಿತು. ತೊಟ್ಟಿ ಮೀನಿಗೆ ತಕ್ಕುದೇ ಎಂದು ಕೇಳಿದವರು ಆಗ ಕಡಿಮೆ.

ಬಿಲದ ಒಳಗೇನಿದೆ?

ಆ ಪ್ರಶ್ನೆಗೆ ಉತ್ತರ ಸಿಗಬೇಕಾದದ್ದು ಕಡಲಿನ ತಳದಲ್ಲಿ. ಎರಡನೇ ಮಹಾಯುದ್ಧದ ನಂತರ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದು ಸಾಮಾನ್ಯವಾದ ಮೇಲೆ ವಿಜ್ಞಾನಿಗಳು ಗಂಟೆಗಟ್ಟಲೆ ಮೀನಿನ ಎದುರೇ ಕುಳಿತು ನೋಡತೊಡಗಿದರು.

ಆಸ್ಟ್ರಿಯದ ಹಾನ್ಸ್ ಹಾಸ್ 1957-58ರಲ್ಲಿ 'ಝಾರಿಫಾ' ಎಂಬ ಹಡಗಿನಲ್ಲಿ ಹಿಂದೂ ಮಹಾಸಾಗರದ ಯಾತ್ರೆ ಕೈಗೊಂಡ. ಮಾಲ್ಡೀವ್ಸ್, ನಮ್ಮ ನಿಕೋಬಾರ್ ದ್ವೀಪಗಳು ಈ ಯಾತ್ರೆಯ ಹಾದಿಯಲ್ಲಿದ್ದವು. ಮರಳಿನಿಂದ ಅರ್ಧ ದೇಹ ಹೊರಚಾಚಿ, ಗಾಳಿಗೆ ತೂಗುವ ಪೈರಿನಂತೆ ನೂರಾರು ಸಂಖ್ಯೆಯಲ್ಲಿ ನಿಂತಿರುವ ಹಾವುಮೀನುಗಳನ್ನು ಯಾತ್ರಿಕರು ಕಂಡರು. ಹತ್ತಿರ ಹೋದರೆ ಇಡೀ 'ತೋಟ'ವೇ ನೆಲದೊಳಗೆ ಮಾಯ. ಆ ಜಾತಿಗೆ 1959ರಲ್ಲಿ ಹಾಸ್‌ನ ಹೆಸರನ್ನೇ ಇಡಲಾಯಿತು. ಈ ಮೀನು ಬಾಲದಿಂದ ಬಿಲ ಕೊರೆಯುತ್ತದೆ. ಚರ್ಮದಿಂದ ಒಸರುವ ಲೋಳೆ ಬಿಲದ ಗೋಡೆಗೆ ಗಾರೆಯಾಗುತ್ತದೆ.

1958ರಲ್ಲಿ ಜರ್ಮನಿಯ ವೋಲ್ಫ್‌ಗಾಂಗ್ ಲೂಥರ್ ಕೆಂಪು ಸಮುದ್ರದ ಒಂದು ವಿಚಿತ್ರ ಸಹಬಾಳ್ವೆಯನ್ನು ವರ್ಣಿಸಿದ. ಅದು ಗೋಬಿ ಮತ್ತು ಸಿಗಡಿಯ ಕತೆ. ಗೋಬಿ ಎಂದರೆ ಇಲ್ಲಿ ಹೂಕೋಸಲ್ಲ, ಮರಳಿನ ಮೇಲೆ ಕೂರುವ ಒಂದು ಪುಟ್ಟ ಮೀನು. ಬಿಲ ತೋಡುವುದು ಸಿಗಡಿ. ಅದಕ್ಕೆ ಕಣ್ಣು ಮಂದ. ಬುಲ್ಡೋಜರಿನಂತೆ ಮರಳು ತಳ್ಳಿಕೊಂಡು ಹೊರಬಂದಾಗ ಅದು ತನ್ನ ಉದ್ದದ ಮೀಸೆಯೊಂದನ್ನು ಗೋಬಿಯ ಮೈಗೆ ತಾಗಿಸಿಕೊಂಡೇ ಇರುತ್ತದೆ. ಶತ್ರು ಕಂಡರೆ ಗೋಬಿ ಬಾಲ ಅದುರಿಸುತ್ತದೆ, ಸಿಗಡಿ ಒಳಗೆ ಓಡುತ್ತದೆ. ಅಪಾಯ ಹೆಚ್ಚಾದರೆ ಗೋಬಿಯೂ ಹಿಂದೆಯೇ ನುಗ್ಗುತ್ತದೆ. ಒಬ್ಬನದು ಕೂಲಿ, ಇನ್ನೊಬ್ಬನದು ಕಾವಲು. ಇಸ್ರೇಲಿನ ಇಲಾನಿ ಕಾರ್‌ಪ್ಲಸ್ ಮುಂತಾದವರು ಮುಂದೆ ಈ ಸ್ಪರ್ಶಭಾಷೆಯನ್ನು ವಿವರವಾಗಿ ಅಧ್ಯಯನ ಮಾಡಿದರು. ಇಂದು ಈ ಬಗೆಯ ಒಪ್ಪಂದದಲ್ಲಿ ಬದುಕುವ ಗೋಬಿ ಜಾತಿಗಳು ನೂರಕ್ಕೂ ಹೆಚ್ಚು ಎಂದು ತಿಳಿದಿದೆ.

ಈ ಸಿಗಡಿಯ ಬಂಧುಬಳಗ ಯುದ್ಧಕಾಲದಲ್ಲೇ ಸುದ್ದಿ ಮಾಡಿತ್ತು. ಇವು ದೊಡ್ಡ ಕೊಂಡಿಯನ್ನು ಚಟ್ಟನೆ ಮುಚ್ಚಿ ಪಿಸ್ತೂಲಿನಂಥ ಸದ್ದು ಮಾಡುತ್ತವೆ. ಅಮೆರಿಕದ ನೌಕಾಪಡೆಗಾಗಿ ನೀರೊಳಗಿನ ಸದ್ದು ಆಲಿಸುತ್ತಿದ್ದ ವಿಜ್ಞಾನಿಗಳಿಗೆ ಕ್ಯಾಲಿಫೋರ್ನಿಯಾ ತೀರದಲ್ಲಿ ಕೇಳಿಸಿದ ನಿರಂತರ ಚಟಪಟ ಇವುಗಳದೇ. ಸದ್ದು ಬರುವುದು ಕೊಂಡಿಗಳು ಬಡಿಯುವುದರಿಂದಲ್ಲ, ಮುಚ್ಚುವ ರಭಸಕ್ಕೆ ಉಂಟಾದ ಗುಳ್ಳೆ ಒಡೆಯುವುದರಿಂದ ಎಂಬುದು 2000ದಲ್ಲಿ ಸ್ಪಷ್ಟವಾಯಿತು. ತೊಟ್ಟಿಯ ಗಾಜು ಬಿರುಕುಬಿಟ್ಟಿತೆಂದು ಸಿಗಡಿ ಸಾಕಿದವರು ನಡುರಾತ್ರಿ ಎದ್ದು ಬರುವುದಕ್ಕೆ ಕಾರಣ ಈ ಗುಳ್ಳೆಯೇ.

ಜಾಫಿಷ್‌ನ ಬಿಲವನ್ನು ಅಮೆರಿಕದ ಪ್ಯಾಟ್ರಿಕ್ ಕಾಲಿನ್ 1970ರ ದಶಕದ ಆರಂಭದಲ್ಲಿ ಅಧ್ಯಯನ ಮಾಡಿದ. ಅದು ಬರಿಯ ತೂತಲ್ಲ. ಹವಳದ ಚೂರು, ಕಪ್ಪೆಚಿಪ್ಪಿನ ತುಂಡುಗಳನ್ನು ಆರಿಸಿ ತಂದು ನಮ್ಮ ಹಳ್ಳಿಗಳ ಕಲ್ಲುಕಟ್ಟಿದ ಬಾವಿಯಂತೆ ಗೋಡೆ ಕಟ್ಟುತ್ತದೆ. ಹಗಲು ಬಿಲದ ಮೇಲೆ ಬಾಲ ಕೆಳಗಾಗಿ ತೇಲುತ್ತ ಹರಿವಿನಲ್ಲಿ ಬರುವ ಸೂಕ್ಷ್ಮಜೀವಿಗಳನ್ನು ಹಿಡಿದು ತಿನ್ನುತ್ತದೆ. ಸಂಜೆಯಾದರೆ ಒಳಸೇರಿ ಕಲ್ಲೊಂದನ್ನು ಬಾಗಿಲಿಗೆ ಎಳೆದುಕೊಳ್ಳುತ್ತದೆ. ಮೊಟ್ಟೆಗಳನ್ನು ಬಾಯಲ್ಲಿಟ್ಟು ಕಾಯುವುದು ಗಂಡು. ಪಕ್ಕದ ಮನೆಯ ಕಲ್ಲು ಕದಿಯುವ ಚಾಳಿಯೂ ಉಂಟು.

ಇಷ್ಟು ತಿಳಿದ ಮೇಲೆ ತೊಟ್ಟಿಯಲ್ಲಿ ಸತ್ತ ಜಾಫಿಷ್‌ನ ಸಾವಿಗೆ ಬೇರೆಯೇ ಅರ್ಥ ಬಂತು. ನೀರು ಶುದ್ಧವಾಗಿದ್ದರೂ ಆಹಾರ ಹಾಕಿದರೂ ಅದು ಬದುಕಲಿಲ್ಲವೆಂದರೆ, ಅದಕ್ಕೆ ಇಲ್ಲದ್ದು ಮನೆ.

ಮರಳು ಹೋಯಿತು, ಮರಳು ಬಂತು

ತೊಟ್ಟಿಯ ವಿಧಾನಗಳು ಈ ನಡುವೆ ಬದಲಾಗುತ್ತಿದ್ದವು. ಜಕಾರ್ತಾದ ಲೀ ಚಿನ್ ಎಂಗ್ 1961ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ತನ್ನ 'ನಿಸರ್ಗದ ವಿಧಾನ'ವನ್ನು ವಿವರಿಸಿದ. ಶೋಧಕಗಳಿಲ್ಲ. ಕಡಲಿನಿಂದ ತಂದ ಜೀವಂತ ಬಂಡೆ, ಗಾಳಿಗುಳ್ಳೆ, ಬಿಸಿಲು ಅಷ್ಟೇ. 'ಜೀವಂತ ಬಂಡೆ' ಎಂದರೆ ಸತ್ತ ಹವಳದ ರಂಧ್ರಗಳಲ್ಲಿ ಬ್ಯಾಕ್ಟೀರಿಯಾ, ಹುಳು, ಪಾಚಿ ಮನೆಮಾಡಿರುವ ಕಲ್ಲು. ಬರ್ಲಿನ್ನಿನ ಡೀಟ್ರಿಚ್ ಸ್ಟ್ಯೂಬರ್ ಮತ್ತು ಆತನ ಗೆಳೆಯರು ಇದಕ್ಕೆ ಪ್ರಬಲ ದೀಪಗಳನ್ನೂ, ಕೊಳೆಯನ್ನು ನೊರೆಯಾಗಿಸಿ ಹೊರತೆಗೆಯುವ ಸ್ಕಿಮ್ಮರ್ ಯಂತ್ರವನ್ನೂ ಸೇರಿಸಿದರು. ಮನೆಯ ತೊಟ್ಟಿಯಲ್ಲಿ ಕಲ್ಲುಹವಳ ಬೆಳೆಯತೊಡಗಿತು. ಬರ್ಲಿನ್ ಪದ್ಧತಿ ಎಂದೇ ಇದು ಹೆಸರಾಯಿತು.

ಈ ಪದ್ಧತಿಯ ಅನೇಕರು ಮರಳನ್ನು ಪೂರ್ತಿ ತೆಗೆದುಹಾಕಿದರು. ಮರಳಿನಲ್ಲಿ ಕೊಳೆ ಕೂರುತ್ತದೆ, ಬರಿಯ ಗಾಜಾದರೆ ತೊಳೆಯುವುದು ಸುಲಭ ಎಂಬುದು ಅವರ ವಾದ. ಹವಳಕ್ಕೆ ಇದು ಒಳ್ಳೆಯದೇ ಆಯಿತು. ಬಿಲವಾಸಿ ಮೀನುಗಳಿಗೆ ಮಾತ್ರ ತೊಟ್ಟಿಯಲ್ಲಿ ಜಾಗವೇ ಇಲ್ಲದಾಯಿತು. ರಾತ್ರಿ ಮರಳಿನಲ್ಲಿ ಹುದುಗಿ ಮಲಗುವ ರಾಸ್ ಜಾತಿಯ ಬಣ್ಣದ ಮೀನುಗಳು ಬರಿಯ ಗಾಜಿಗೆ ಮೂತಿ ಗುದ್ದಿ ಗಾಯ ಮಾಡಿಕೊಂಡವು.

ಮರಳನ್ನು ಮರಳಿ ತಂದದ್ದು ಫ್ರಾನ್ಸಿನ ನೀಸ್ ವಿಶ್ವವಿದ್ಯಾಲಯದ ಜಾನ್ ಜೋಬೇರ್. 1980ರ ದಶಕದಲ್ಲಿ ಆತ ರೂಪಿಸಿದ ತೊಟ್ಟಿಯ ತಳದಲ್ಲಿ ನಿಂತ ನೀರಿನ ಒಂದು ಪೊಳ್ಳು, ಅದರ ಮೇಲೆ ದಪ್ಪನೆಯ ಹವಳದ ಮರಳು. ಮರಳಡಿಯ ಶೋಧಕದಂತೆ ಇಲ್ಲಿ ನೀರನ್ನು ಎಳೆಯುವ ಕೊಳವೆ ಇಲ್ಲ. ಮೇಲ್ಪದರದಲ್ಲಿ ಆಮ್ಲಜನಕ ಹೆಚ್ಚು, ಕೆಳಪದರದಲ್ಲಿ ಬಹಳ ಕಡಿಮೆ. ಆಮ್ಲಜನಕ ಕಡಿಮೆ ಇರುವಲ್ಲಿ ಬೇರೆ ಬಗೆಯ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಒಡೆದು ನೈಟ್ರೋಜನ್ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಅರ್ಥಾತ್ ಶತಮಾನದ ಹಿಂದೆ ಅರ್ಧಕ್ಕೆ ನಿಂತ ಲೆಕ್ಕ ಇಲ್ಲಿ ಪೂರ್ಣವಾಯಿತು. ಮೊನಾಕೊದ ಸಾಗರ ವಸ್ತುಸಂಗ್ರಹಾಲಯದಲ್ಲಿ 1989ರಲ್ಲಿ 40,000 ಲೀಟರಿನ ಹವಳದ ತೊಟ್ಟಿ ಈ ತತ್ವದ ಮೇಲೆ ಸಿದ್ಧವಾಯಿತು.

ಸ್ವಾರಸ್ಯವೆಂದರೆ, ಅಗೆಯುವ ಪ್ರಾಣಿಗಳು ಕೆಳಪದರ ಕದಡದಿರಲೆಂದು ಜೋಬೇರ್ ಮರಳಿನ ನಡುವೆ ಒಂದು ಪ್ಲಾಸ್ಟಿಕ್ ಜಾಲರಿ ಹಾಸಿದ್ದ. ಬಿಲವಾಸಿಗಳಿಗೆ ಮೊದಲ ಬಾರಿಗೆ ವಿನ್ಯಾಸದಲ್ಲೇ ಸ್ಥಾನ ದೊರೆಯಿತು ಎನ್ನಬಹುದು. ಮಹಡಿ ಅವುಗಳದು, ನೆಲಮಾಳಿಗೆ ಬ್ಯಾಕ್ಟೀರಿಯಾಗಳದು. 1990ರ ದಶಕದಲ್ಲಿ ಅಮೆರಿಕದ ರೊನಾಲ್ಡ್ ಶಿಮೆಕ್ ಮುಂತಾದವರು ಪೊಳ್ಳು, ಜಾಲರಿ ಯಾವುದೂ ಬೇಡ, ಆಳವಾದ ನುಣುಪು ಮರಳಿನಲ್ಲಿ ಹುಳು ಹುಪ್ಪಟೆಗಳಿದ್ದರೆ ಅವೇ ಉಳುಮೆ ಮಾಡುತ್ತವೆ ಎಂದು ವಾದಿಸಿದರು. ಮರಳು ಬೇಕೋ ಬೇಡವೋ ಎಂಬ ಚರ್ಚೆ ಹವ್ಯಾಸಿಗಳಲ್ಲಿ ಇಂದಿಗೂ ಮುಗಿದಿಲ್ಲ.

ಮನೆ ಕಟ್ಟಿ ನೋಡು

ಈ ಎಲ್ಲ ಅನುಭವದಿಂದ ಬಿಲವಾಸಿ ಮೀನುಗಳ ವಿಷಯದಲ್ಲಿ ಕೆಲವು ಪಾಠಗಳು ನೆಲೆಗೊಂಡಿವೆ. ಮೊದಲನೆಯದು ಆಳ. ಜಾಫಿಷ್‌ಗೆ ಐದಾರು ಅಂಗುಲ ಮರಳು ಬೇಕು. ಇಡೀ ತೊಟ್ಟಿಗೆ ಅಷ್ಟು ಹಾಕಲಾಗದಿದ್ದರೆ ಒಂದು ಮೂಲೆಯಲ್ಲಾದರೂ ರಾಶಿ ಮಾಡಬೇಕು. ಎರಡನೆಯದು ಬೆರಕೆ. ನುಣುಪು ಮರಳೊಂದೇ ಇದ್ದರೆ ಗೋಡೆ ಕುಸಿಯುತ್ತದೆ. ನುಣುಪು, ಒರಟು, ಚಿಪ್ಪಿನ ಚೂರು, ಹವಳದ ತುಂಡು ಎಲ್ಲ ಸೇರಿದರೆ ಮೀನಿಗೆ ಬೇಕಾದ ಸಾಮಗ್ರಿ ಸಿದ್ಧ. ರಾಸ್ ಮೀನಿಗೆ ಮಾತ್ರ ಮೈ ಗೀರದ ನುಣುಪು ಮರಳೇ ಆಗಬೇಕು.

ಮೂರನೆಯದು ಬಂಡೆಗಳ ಅಡಿಪಾಯ. ಮರಳು ಹಾಕಿ ಅದರ ಮೇಲೆ ಬಂಡೆ ಜೋಡಿಸುವುದು ಕಣ್ಣಿಗೆ ಚೆನ್ನ. ಆದರೆ ಸಿಗಡಿಯೋ ಜಾಫಿಷ್ಷೋ ಅಡಿಯಲ್ಲಿ ಸುರಂಗ ತೋಡಿದರೆ ಬಂಡೆ ಕುಸಿದು ತೋಡಿದವನನ್ನೇ ಜಜ್ಜುತ್ತದೆ. ಆದ್ದರಿಂದ ಬಂಡೆಯನ್ನು ಮೊದಲು ತಳದ ಗಾಜಿನ ಮೇಲೆ ಭದ್ರವಾಗಿ ಕೂರಿಸಿ, ಆಮೇಲೆ ಸುತ್ತ ಮರಳು ತುಂಬಬೇಕು. ನಾಲ್ಕನೆಯದು ಮುಚ್ಚಳ. ಹೊಸ ತೊಟ್ಟಿಯಲ್ಲಿ ಬಿಲ ಸಿದ್ಧವಾಗದ ಮೊದಲ ರಾತ್ರಿಗಳಲ್ಲಿ ಹಾರುವ ಅಪಾಯ ಹೆಚ್ಚು, ಸಣ್ಣ ಕಣ್ಣಿನ ಬಲೆಯಿಂದ ಮುಚ್ಚಿದರೆ ಸಾಕು. ಐದನೆಯದು ನೆರೆಹೊರೆ. ಬಿಲ ಬಿಟ್ಟು ಹೆಚ್ಚು ದೂರ ಹೋಗದ ಮೀನಿಗೆ ಜಗಳಗಂಟ ಸಂಗಾತಿಗಳಿದ್ದರೆ ಉಪವಾಸವೇ ಗತಿ. ಆಹಾರ ಅದರ ಬಾಗಿಲ ಹತ್ತಿರವೇ ತೇಲಿಬರುವಂತೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು.

ಕೊನೆಯದು ತಾಳ್ಮೆ. ಹೊಸದಾಗಿ ತಂದ ಮೀನು ದಿನಗಟ್ಟಲೆ ಕಾಣಿಸದೇ ಇರಬಹುದು. ಸತ್ತಿತೇನೋ ಎಂದು ಮರಳು ಕೆದಕಿದರೆ ಎರಡು ಹಾನಿ. ಮೀನಿನ ಬಿಲ ಕುಸಿಯುತ್ತದೆ, ಆಮ್ಲಜನಕವಿಲ್ಲದ ಹಳೆಯ ಕೆಳಪದರದಲ್ಲಿ ಕೂಡಿದ ವಿಷಾನಿಲ ನೀರಿಗೆ ಸೇರಬಹುದು. ಹಣ ಕೊಟ್ಟು ತಂದ ಮೀನನ್ನು ನೋಡದೆ ಕಾಯುವುದು ಕಷ್ಟವೇ. ಆದರೆ ಅಡಗುವುದೇ ಸ್ವಭಾವವಾದ ಜೀವಿಯನ್ನು ಸಾಕುವವರು ಮೊದಲು ಒಪ್ಪಿಕೊಳ್ಳಬೇಕಾದ ಷರತ್ತು ಇದು.

ಎಲ್ಲಿಂದ ಬಂತು ಈ ಮೀನು?

ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಅಂಗಡಿಗೆ ಬರುವ ಮೊದಲು ಈ ಮೀನು ಎಲ್ಲಿತ್ತು? ಬಿಲದಲ್ಲೂ ಬಿರುಕಿನಲ್ಲೂ ಅಡಗುವ ಮೀನನ್ನು ಬಲೆಯಿಂದ ಹಿಡಿಯುವುದು ಕಷ್ಟ. ಫಿಲಿಪ್ಪೀನ್ಸಿನಲ್ಲಿ 1960ರ ದಶಕದಿಂದ ಅಲಂಕಾರದ ಮೀನು ಹಿಡಿಯಲು ಸೋಡಿಯಂ ಸಯನೈಡ್ ಬಳಕೆ ಆರಂಭವಾಗಿ, ಮುಂದೆ ಬೇರೆ ದೇಶಗಳಿಗೂ ಹರಡಿತು. ದ್ರಾವಣವನ್ನು ಬಂಡೆಯ ಸಂದಿಗೆ ಚಿಮ್ಮಿಸಿದರೆ ಮೀನು ಮಂಪರಿನಲ್ಲಿ ಹೊರಬರುತ್ತದೆ. ಸುತ್ತಲ ಹವಳ ಸಾಯುತ್ತದೆ. ಮೀನೂ ಅನೇಕ ವೇಳೆ ಕೆಲವು ವಾರಗಳಲ್ಲಿ, ದೂರದ ಯಾವುದೋ ಮನೆಯಲ್ಲಿ, ಕಾರಣ ತಿಳಿಯದೆ ಸಾಯುತ್ತದೆ. ಕಾನೂನು ನಿಷೇಧಿಸಿದರೂ ಈ ಪದ್ಧತಿ ಪೂರ್ತಿ ನಿಂತಿಲ್ಲ. ಗಾಸ್‌ನ ಕಾಲದ ಸುತ್ತಿಗೆ ಉಳಿಗಳಿಗಿಂತ ಇದರ ಹಾನಿ ದೊಡ್ಡದು.

ಭಾರತದಲ್ಲಿ ದಿಬ್ಬ ಕಟ್ಟುವ ಎಲ್ಲ ಹವಳಗಳನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ ಇದೆ. ಹಾಗಾಗಿ ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತಲ ಹವಳವನ್ನಾಗಲಿ, ಲಕ್ಷದ್ವೀಪದ ಹವಳವನ್ನಾಗಲಿ ಕಿತ್ತು ಮನೆಗೆ ತರುವುದು ಅಪರಾಧ. ಇನ್ನೊಂದೆಡೆ, ಹಿಡಿದು ತರುವ ಬದಲು ಸಾಕಿ ಬೆಳೆಸುವ ದಾರಿಯೂ ತೆರೆದಿದೆ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸಿ ಬೆಳೆಸಿದ್ದಾರೆ. ಹಳದಿ ತಲೆಯ ಜಾಫಿಷ್ ಕೂಡ ತೊಟ್ಟಿಯಲ್ಲಿ ಮರಿ ಮಾಡಬಲ್ಲದೆಂದು ತಿಳಿದಿದೆ. ಗಂಡು ಮೀನು ಮೊಟ್ಟೆ ಬಾಯಲ್ಲಿಟ್ಟು ಕಾಯಬೇಕಾದರೆ ಅದಕ್ಕೆ ನೆಮ್ಮದಿಯ ಬಿಲವಿರಬೇಕಷ್ಟೆ.

2020ರ ವಸಂತದಲ್ಲಿ ಕೊರೊನಾ ಕಾರಣದಿಂದ ಟೋಕಿಯೋದ ಸುಮಿದಾ ಮತ್ಸ್ಯಾಲಯ ಬಾಗಿಲು ಮುಚ್ಚಿತ್ತು. ಅಲ್ಲಿದ್ದ ಸುಮಾರು 300 ತೋಟದ ಹಾವುಮೀನುಗಳು ಸಂದರ್ಶಕರನ್ನು ನೋಡಿ ನೋಡಿ ಮನುಷ್ಯರಿಗೆ ಒಗ್ಗಿಕೊಂಡಿದ್ದವು. ವಾರಗಟ್ಟಲೆ ಯಾರೂ ಬಾರದಿದ್ದಾಗ ಅವು ಮನುಷ್ಯರನ್ನು ಮರೆತವು. ಆರೈಕೆಯ ಸಿಬ್ಬಂದಿ ಹತ್ತಿರ ಹೋದರೂ ಮರಳಿನೊಳಗೆ ಮಾಯವಾಗತೊಡಗಿದವು. ಹೀಗಾದರೆ ಅವು ಆರೋಗ್ಯವಾಗಿವೆಯೇ ಎಂದು ನೋಡುವುದು ಹೇಗೆ? ಮೇ ತಿಂಗಳಲ್ಲಿ ಮೂರು ದಿನ ತೊಟ್ಟಿಯ ಮುಂದೆ ಐದು ಪರದೆಗಳನ್ನಿಟ್ಟು, ಜನ ತಮ್ಮ ಮನೆಗಳಿಂದಲೇ ವಿಡಿಯೊ ಕರೆ ಮಾಡಿ ಮೀನುಗಳಿಗೆ ಮುಖ ತೋರಿಸಬೇಕೆಂದು ಮತ್ಸ್ಯಾಲಯ ಕೋರಿತು. ಜೋರಾಗಿ ಮಾತಾಡಬಾರದು ಎಂಬುದು ಷರತ್ತು.

ಕೇಳಿದವರು ನಕ್ಕರು. ಆದರೆ ಇದರಲ್ಲಿ ನಗುವುದಕ್ಕಿಂತ ಹೆಚ್ಚಿನದು ಇದೆ. ಆ ಮೀನುಗಳಿಗೆ ಅಡಗಲು ನೆಲವಿತ್ತು, ಆದ್ದರಿಂದಲೇ ಹೊರಬರಬೇಕೋ ಬೇಡವೋ ಎಂಬ ಆಯ್ಕೆಯೂ ಇತ್ತು. ಬರಿಯ ಗಾಜಿನ ತಳದಲ್ಲಿ ಬೆದರಿ ಮೂಲೆ ಹಿಡಿದ ಮೀನಿಗೆ ಅಂಥ ಆಯ್ಕೆ ಇರುವುದಿಲ್ಲ. ಗಾಜಿನ ತೊಟ್ಟಿ ಹುಟ್ಟಿದ್ದು ಮನುಷ್ಯ ಕಡಲನ್ನು ನೋಡಲೆಂದು. ನೋಡಿಸಿಕೊಳ್ಳುವ ಜೀವಿಗೆ ಮರೆಯಾಗುವ ಜಾಗವೂ ಬೇಕೆಂಬ ತಿಳಿವಳಿಕೆಗೆ ಇನ್ನೂರು ವರ್ಷ ಹಿಡಿಯಿತು. ಅದನ್ನು ಕಲಿಸಿದ್ದು ಬಾಯ್ತುಂಬ ಮರಳು ಹೊತ್ತು ತಮ್ಮ ಪಾಡಿಗೆ ಮನೆ ಕಟ್ಟುತ್ತಿದ್ದ ಬೆರಳುದ್ದದ ಮೀನುಗಳು.